ನಾಯಿಗೂ ಥಂಡಿ ಆಗ್ತದ್ರೀ!

ಚಳಿಗಾಲ ಬಂತೆಂದರೆ ನಾವು ಹುಡುಗರು ಏನೆಲ್ಲ ಮಾಡುತ್ತೇವೆ! ಸ್ನಾನ ದಿನ ಬಿಟ್ಟು ದಿನಕ್ಕೆ ಬರುತ್ತದೆ, ಬೆಳಗಿನ ಮೊದಲ ಕ್ಲಾಸಿನ ಹಾಜರಿ ಕುಸಿಯುತ್ತದೆ, ಅಜ್ಜಿ ಹೊಲಿದುಕೊಟ್ಟ ಕೌದಿ ಟ್ರಂಕಿನಿಂದ ಹೊರಬೀಳುತ್ತದೆ. ಬೀದರ್‌ನಲ್ಲಿ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಇಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅದೇ ರಾತ್ರಿ ಗೇಟಿನ ಹೊರಗೆ ಸಿಮೆಂಟ್ ನೆಲದ ಮೇಲೆ ಮಲಗಿರುವ ನಾಯಿಯ ಬಗ್ಗೆ ಕೇಳಿ ನೋಡಿ. ‘ಅದಕ್ಕೇನ್ ಥಂಡಿ? ಮೈತುಂಬ ಕೂದಲ ಅದಾವಲ್ಲ’ ಎಂಬ ಉತ್ತರ ಬರುತ್ತದೆ.

ಕೂದಲಿದೆ ನಿಜ, ಆದರೆ ಎಲ್ಲ ನಾಯಿಗೂ ಒಂದೇ ತರಹದ್ದಲ್ಲ. ಹಸ್ಕಿಯಂಥ ನಾಯಿಗೆ ಎರಡು ಪದರದ ದಟ್ಟ ಕೂದಲಿರುತ್ತದೆ. ಅದಕ್ಕೆ ನಮ್ಮ ಬೇಸಿಗೆಯೇ ಕಷ್ಟ, ಚಳಿಯಲ್ಲ. ನಮ್ಮದೇ ಮುಧೋಳ ನಾಯಿ ಇದಕ್ಕೆ ತದ್ವಿರುದ್ಧ. ಓಡುವುದಕ್ಕೆಂದೇ ಮಾಡಿದ ಮೈ. ಕೂದಲು ಗಿಡ್ಡ, ಕೊಬ್ಬು ಕಡಿಮೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ಹೆಮ್ಮೆಯ ತಳಿ ಬಯಲಲ್ಲಿ ಎಷ್ಟೇ ಗಟ್ಟಿಯಾದರೂ, ತಣ್ಣನೆಯ ರಾತ್ರಿ ನಡುಗುತ್ತದೆ. ಓಣಿಯ ನಾಯಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಮುದಿ ನಾಯಿ, ಬಡಕಲು ನಾಯಿ, ಮರಿಗಳ ಪಾಡಂತೂ ಕೇಳಲೇಬೇಡಿ.

ಮೆಕ್ಯಾನಿಕಲ್ ಓದುವ ನನಗೆ ‘ಹೀಟ್ ಟ್ರಾನ್ಸ್‌ಫರ್’ ಎಂಬ ವಿಷಯ ಅರ್ಥವಾಗಿದ್ದು ಅರ್ಧ ಪುಸ್ತಕದಿಂದ, ಅರ್ಧ ನಾಯಿಗಳಿಂದ. ನಾಯಿಯ ಸಹಜ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ಹೆಚ್ಚು. ಆ ಬಿಸಿಯನ್ನು ಕೆಳಗಿನಿಂದ ತಣ್ಣನೆಯ ನೆಲ ಹೀರುತ್ತದೆ, ಪಕ್ಕದಿಂದ ಗಾಳಿ ಹೊತ್ತೊಯ್ಯುತ್ತದೆ, ಮೇಲೆ ಬಟಾಬಯಲು ಆಕಾಶಕ್ಕೂ ಒಂದಿಷ್ಟು ಸೋರಿಹೋಗುತ್ತದೆ. ನಾಯಿ ಮೂತಿಯನ್ನು ಬಾಲದಡಿ ಹುದುಗಿಸಿ ಚಕ್ಕುಲಿಯಂತೆ ಸುತ್ತಿಕೊಂಡು ಮಲಗುವುದು ಇದಕ್ಕೇ. ಗಾಳಿಗೆ ತೆರೆದ ಮೈ ಕಡಿಮೆಯಾದಷ್ಟೂ ಶಾಖ ಉಳಿಯುತ್ತದೆ. ಯಾವ ಸೆಮಿಸ್ಟರ್ ಪರೀಕ್ಷೆ ಬರೆಯದೆಯೂ ಅದಕ್ಕೆ ಇದು ಗೊತ್ತು!

ಆದರೆ ಮರಿಗಳಿಗೆ ಇಷ್ಟೂ ಸಾಧ್ಯವಿಲ್ಲ. ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ‘ರಾಣಿ’ ಅರ್ಧ ಕಟ್ಟಿದ ಮನೆಯೊಂದರ ಜಲ್ಲಿ ರಾಶಿಯ ಪಕ್ಕ ಐದು ಮರಿ ಹಾಕಿತ್ತು. ಸಂಕ್ರಾಂತಿಯ ಹೊತ್ತಿಗೆ ಉಳಿದದ್ದು ಎರಡೇ. ಪಶುವೈದ್ಯಕೀಯ ಓದುವ ಗೆಳೆಯನೊಬ್ಬ ಕಾರಣ ಹೇಳಿದ: ಹುಟ್ಟಿದ ಮೊದಲ ಎರಡು ವಾರ ಮರಿಗಳಿಗೆ ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ತಾಯಿಯ ಹೊಟ್ಟೆಯ ಬಿಸಿಯೇ ಅವುಗಳ ಜೀವ. ತಾಯಿ ಹೊಟ್ಟೆಪಾಡಿಗೆಂದು ಊರು ಸುತ್ತಲು ಹೋದಾಗ ತಣ್ಣನೆಯ ನೆಲ ತನ್ನ ಕೆಲಸ ಮಾಡಿ ಮುಗಿಸುತ್ತದೆ. ಹಾಗಾಗಿ ಮರಿ ಹಾಕಿದ ತಾಯಿಗೆ ಇದ್ದಲ್ಲೇ ಊಟ ಕೊಡುವುದು ಮರಿಗಳಿಗೆ ಕಂಬಳಿ ಹೊದಿಸಿದಂತೆ. ಇನ್ನೊಂದು ಮಾತನ್ನೂ ಅವನು ಒತ್ತಿ ಹೇಳಿದ. ಮೈ ತಣ್ಣಗಾಗಿರುವ ಮರಿಗೆ ಅವಸರದಲ್ಲಿ ಹಾಲು ಕುಡಿಸಬಾರದು. ಅದಕ್ಕೆ ಜೀರ್ಣವಾಗುವುದಿಲ್ಲ. ಮೊದಲು ಬಟ್ಟೆ ಸುತ್ತಿ ನಿಧಾನವಾಗಿ ಮೈ ಬೆಚ್ಚಗಾಗಿಸಿ, ಆಮೇಲೆ ಹಾಲು.

ಈ ಸಲ ನಾವು ನಾಲ್ವರು ರೂಮ್‌ಮೇಟ್‌ಗಳು ದೀಪಾವಳಿ ಮುಗಿಯುತ್ತಲೇ ಕೆಲಸಕ್ಕಿಳಿದೆವು. ನಾಲ್ಕು ಇಟ್ಟಿಗೆ, ಅದರ ಮೇಲೊಂದು ಹಳೇ ಹಲಗೆ, ಮೇಲೆ ಒಣ ಹುಲ್ಲು ತುಂಬಿದ ಗೋಣಿಚೀಲ. ನೆಲದಿಂದ ಅರ್ಧ ಅಡಿ ಎತ್ತರವಾದರೆ ಅರ್ಧ ಥಂಡಿ ಕಡಿಮೆಯಾದಂತೆಯೇ. ಮೂರು ಕಡೆ ಮರೆ, ಗಾಳಿ ಬೀಸದ ಕಡೆ ಬಾಗಿಲು. ಗೂಡು ದೊಡ್ಡದಿದ್ದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ನಾಯಿ ಎದ್ದು ತಿರುಗಿ ಮಲಗುವಷ್ಟಿದ್ದರೆ ಸಾಕು, ಅದರ ಮೈಬಿಸಿಯೇ ಒಳಗನ್ನು ಬೆಚ್ಚಗಿಡುತ್ತದೆ. ಹಳೇ ಬಟ್ಟೆಗಿಂತ ಹುಲ್ಲು ವಾಸಿ. ಬಟ್ಟೆ ಇಬ್ಬನಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಒದ್ದೆ ಹಾಸಿಗೆಗಿಂತ ಬರಿ ನೆಲವೇ ಮೇಲು.

ನಮ್ಮ ಮನೆ ಓನರ್ ಕಾಕಾ ಮಾತ್ರ ಒಂದು ಷರತ್ತು ಹಾಕಿದರು: ‘ನೋಡ್ರಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಸಣ್ಣ ಮಕ್ಕಳ ಓಡಾಡೋ ಹಾದ್ಯಾಗ ಇಡಬ್ಯಾಡ್ರಿ.’ ಅವರ ಮಾತು ಸರಿಯೇ. ಮರಿಗಳಿರುವ ತಾಯಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ಹಾಗಾಗಿ ಗೂಡನ್ನು ಖಾಲಿ ಸೈಟಿನ ಮೂಲೆಗೆ ಒಯ್ದೆವು. ನಾಯಿಗೆ ಪ್ರೀತಿ ತೋರುವವರು ಜನರ ಭಯವನ್ನೂ ಗೌರವಿಸಬೇಕಲ್ಲವೇ? ರೇಬಿಸ್ ಲಸಿಕೆ, ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸುವುದೂ ಚಳಿಗಾಲದ ಆರೈಕೆಯೇ. ಥಂಡಿಯಲ್ಲಿ ಹುಟ್ಟಿ ಸಾಯುವ ಮರಿಗಳ ಸಂಖ್ಯೆ ಆಗ ತಾನಾಗಿಯೇ ಕಡಿಮೆಯಾಗುತ್ತದೆ.

ಮನೆಯಲ್ಲಿ ನಾಯಿ ಸಾಕಿದವರಿಗೂ ನಾಲ್ಕು ಮಾತು. ಸ್ನಾನ ಮಾಡಿಸುವುದಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ, ಉಗುರುಬೆಚ್ಚಗಿನ ನೀರಲ್ಲಿ ಮಾಡಿಸಿ, ಕೂದಲು ಪೂರ್ತಿ ಒಣಗುವವರೆಗೆ ಒರೆಸಿ. ಸ್ವೆಟರ್ ಹಾಕಿದರೆ ಹಗಲು ತೆಗೆದುಬಿಡಿ, ಒದ್ದೆಯಾದರೆ ತಕ್ಷಣ ಬಿಚ್ಚಿ. ಹೊರಗೇ ಇರುವ ನಾಯಿಗೆ ಒಂದು ತುತ್ತು ಹೆಚ್ಚು ಹಾಕಿ, ಸೋಫಾ ಬಿಟ್ಟೇಳದ ನಾಯಿಗೆ ಅದರ ಅಗತ್ಯವಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಮಾತ್ರ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾಯಿಯನ್ನಷ್ಟೇ ಅಲ್ಲ, ಮನೆಮಂದಿಯನ್ನೂ ಅದು ಬಲಿ ತೆಗೆದುಕೊಳ್ಳಬಲ್ಲದು. ನಮ್ಮ ಜ್ವರದ ಮಾತ್ರೆಯನ್ನೂ ನಾಯಿಗೆ ನುಂಗಿಸಬೇಡಿ.

ನಡುಗುತ್ತಿದ್ದ ನಾಯಿ ನಡುಕ ನಿಲ್ಲಿಸಿ, ಕರೆದರೂ ಏಳದೆ ಮಂಕಾಗಿ ಬಿದ್ದಿದ್ದರೆ ‘ಆರಾಮಾಯ್ತು’ ಎಂದುಕೊಳ್ಳಬೇಡಿ. ಅದು ಅಪಾಯದ ಗುರುತು. ಒಣ ಬಟ್ಟೆಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗೂ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಪಶು ಆಸ್ಪತ್ರೆಗೆ ಒಯ್ಯಿರಿ.

ಬೈಕು, ಕಾರು ಇರುವ ಗೆಳೆಯರಲ್ಲಿ ಒಂದು ವಿನಂತಿ. ನಿಂತ ಕಾರಿನಡಿಯ ಬೆಚ್ಚಗಿನ ಜಾಗ ನಾಯಿಮರಿಗಳಿಗೆ ಬಲು ಇಷ್ಟ. ಬೆಳಗಿನ ಎಳೆಬಿಸಿಲಿಗೆ ಅವು ರಸ್ತೆ ಮಧ್ಯೆಯೇ ಮೈಚಾಚುತ್ತವೆ. ಗಾಡಿ ಚಾಲೂ ಮಾಡುವ ಮುನ್ನ ಬಗ್ಗಿ ಒಮ್ಮೆ ಕೆಳಗೆ ನೋಡಿ, ಒಂದು ಹಾರ್ನ್ ಹೊಡೆಯಿರಿ. ಕ್ಲಾಸಿಗೆ ಎರಡು ನಿಮಿಷ ತಡವಾದರೆ ಹೋಗುವುದು ಒಂದು ಹಾಜರಿ ಮಾತ್ರ.