ದಾರ, ಕಲ್ಲು ಮತ್ತು ಹೈಸ್ಕೂಲಿನ ವಿಜ್ಞಾನ

ತಪ್ಪು ಕಲ್ಪನೆ: ದುಬಾರಿ ಲ್ಯಾಬ್ ಇದ್ದರಷ್ಟೇ ಮಕ್ಕಳಲ್ಲಿ ವೈಜ್ಞಾನಿಕ ಸೃಜನಶೀಲತೆ ಬೆಳೆಯುತ್ತದೆ.

ಸತ್ಯ: ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. 3ಡಿ ಪ್ರಿಂಟರ್, ಸೆನ್ಸರ್‌ಗಳು ಸರ್ಕಾರಿ ಶಾಲೆಯ ಮಕ್ಕಳ ಕೈಗೂ ಸಿಗಲೇಬೇಕು. ಆದರೆ ಅವು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ದಾರಕ್ಕೆ ಕಲ್ಲು ಕಟ್ಟಿ ತೂಗಬಿಟ್ಟರೆ ಲೋಲಕ ಸಿದ್ಧ. ಒಂದು ಮೀಟರ್ ಉದ್ದದ ಲೋಲಕ ಹೋಗಿ ಮರಳಲು ಸುಮಾರು 2 ಸೆಕೆಂಡು ಬೇಕು. 25 ಸೆಂಟಿಮೀಟರಿನದಕ್ಕೆ ಒಂದೇ ಸೆಕೆಂಡು. ಉದ್ದ ಕಾಲುಭಾಗಕ್ಕೆ ಇಳಿದರೂ ಸಮಯ ಅರ್ಧಕ್ಕಷ್ಟೇ ಇಳಿದದ್ದೇಕೆ? ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರಲಿ. ಸೂತ್ರವನ್ನು ಆಮೇಲೆ ಬೋರ್ಡಿನ ಮೇಲೆ ಬರೆದರಾಯಿತು.

ತಪ್ಪು ಕಲ್ಪನೆ: ಪುಸ್ತಕದಲ್ಲಿರುವ ಉತ್ತರ ಬರದಿದ್ದರೆ ಪ್ರಯೋಗ ಕೆಟ್ಟಿತು.

ಸತ್ಯ: ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಲೋಲಕವನ್ನು ಎಷ್ಟು ದೂರ ಎಳೆದು ಬಿಟ್ಟರೂ ತೂಗುವ ಅವಧಿ ಬದಲಾಗದು ಎಂದು ಪಾಠದಲ್ಲಿ ಓದಿದ ಹುಡುಗಿಯೊಬ್ಬಳು ಒಂದು ಮೀಟರ್ ದಾರದ ಲೋಲಕವನ್ನು 60 ಡಿಗ್ರಿಯಷ್ಟು ಎಳೆದು ಬಿಡುತ್ತಾಳೆ ಎನ್ನಿ. ಇಪ್ಪತ್ತು ಆಂದೋಲನಕ್ಕೆ 40 ಸೆಕೆಂಡಿನ ಬದಲು ಎರಡು-ಮೂರು ಸೆಕೆಂಡು ಹೆಚ್ಚೇ ಬರುತ್ತದೆ. ಮೇಷ್ಟರು ‘ಎಣಿಸಿದ್ದು ತಪ್ಪು, ತಿದ್ದಿ ಬರೆ’ ಎಂದರೆ ಅಲ್ಲಿಗೆ ಮುಗಿಯಿತು. ನಿಜದಲ್ಲಿ ಅವಳ ಲೆಕ್ಕವೇ ಸರಿ. ಆ ನಿಯಮ ಅನ್ವಯಿಸುವುದು ಸಣ್ಣ ತೂಗಾಟಕ್ಕೆ ಮಾತ್ರ. ಕೋನ ದೊಡ್ಡದಾದಂತೆ ಅವಧಿಯೂ ಹೆಚ್ಚುತ್ತದೆ. ನಿಯಮದ ಎಲ್ಲೆ ಎಲ್ಲಿದೆಯೆಂದು ಅವಳು ತಾನಾಗಿ ಮುಟ್ಟಿ ನೋಡಿದ್ದಾಳೆ. ‘ಹತ್ತು ಡಿಗ್ರಿಯಿಂದ ಶುರುಮಾಡಿ ಒಂದೊಂದೇ ಕೋನಕ್ಕೆ ಅಳೆದು ಗ್ರಾಫ್ ಹಾಕಮ್ಮ’ ಎಂದರೆ ಸಾಕು, ಮುಂದಿನ ದಾರಿ ಅವಳೇ ಹುಡುಕಿಕೊಳ್ಳುತ್ತಾಳೆ.

ತಪ್ಪು ಕಲ್ಪನೆ: ವಸ್ತುಪ್ರದರ್ಶನದ ಅಂದವಾದ ಮಾದರಿಯೇ ಸೃಜನಶೀಲತೆ.

ಸತ್ಯ: ಅಡುಗೆ ಸೋಡಾ, ವಿನೆಗರ್ ಸುರಿದು ಉಕ್ಕಿಸುವ ಜ್ವಾಲಾಮುಖಿಯಲ್ಲಿ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಸೋಡಾ ಎಷ್ಟು ಹಾಕಿದರೆ ನೊರೆ ಎಷ್ಟು ಎತ್ತರ ಏರುತ್ತದೆ ಎಂದು ಅಳೆಯತೊಡಗಿದರೆ ಅದೇ ಆಟ ಪ್ರಯೋಗವಾಗುತ್ತದೆ.

ತಪ್ಪು ಕಲ್ಪನೆ: ಇದೆಲ್ಲ ಮಾಡಿಸುತ್ತ ಕೂತರೆ ಪರೀಕ್ಷೆಯ ಗತಿಯೇನು?

ಸತ್ಯ: ಪೋಷಕರ ಆತಂಕ ಸಹಜವೇ. ಆದರೆ ಪರೀಕ್ಷೆಯನ್ನೂ ಬದಲಿಸಬಹುದು. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ 1972ರಿಂದ 2002ರವರೆಗೆ ನಡೆಯಿತು. 6ರಿಂದ 8ನೇ ತರಗತಿಯ ಮಕ್ಕಳು ಅಲ್ಲಿ ಪ್ರಯೋಗ ಮಾಡುತ್ತಲೇ ಕಲಿತರು, ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆದರು. ನಮ್ಮ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಬದಲಾಗಲು ಕಾಲ ಹಿಡಿದೀತು. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಶಿಕ್ಷಕರ ಕೈಯಲ್ಲೇ ಇದೆ. ಮಕ್ಕಳು ತಾವೇ ಅಳೆದ ಅಂಕಿಗಳ ಮೇಲೆ ಒಂದು ಪ್ರಶ್ನೆಯನ್ನು ಈ ತಿಂಗಳೇ ಅದರಲ್ಲಿ ಸೇರಿಸಬಹುದು.