ಗಣಿಯೂರಿನ ಕೊರಳಿಗೆ ಜಪಾನಿನ ಹಾಡು

ಬಂಗಾರಪೇಟೆಯಲ್ಲಿ ಕವಲೊಡೆದು ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂ ಸೇರುವ ರೈಲುಹಾದಿ ಹಾಕಿದ್ದು 1894ರಲ್ಲಿ. ಅಂದು ಅದು ಚಿನ್ನದ ಗಣಿಗಾಗಿ ಹುಟ್ಟಿದ ಹಾದಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಊರಿನ ತರುಣ ತರುಣಿಯರನ್ನು ಬೆಳಗಿನ ಜಾವಕ್ಕೇ ಬೆಂಗಳೂರಿನ ಉದ್ಯೋಗಗಳಿಗೆ ಒಯ್ದು ಇರುಳಿಗೆ ಮರಳಿ ತಂದು ಬಿಡುವ ಕೆಲಸ ಅದರ ಪಾಲಿಗೆ ಬಂದಿದೆ. ಆ ಡಬ್ಬಿಗಳಲ್ಲಿ ತಮಿಳು, ತೆಲುಗು, ಕನ್ನಡ, ಹಿಂದಿ ಹಾಡುಗಳು ಕೇಳಿಬರುವುದು ಹಳೆಯ ಮಾತು. ಈಗ ಕಿವಿಗೊಟ್ಟವರಿಗೆ ಒಮ್ಮೊಮ್ಮೆ ಜಪಾನೀ ಹಾಡಿನ ತುಣುಕೂ ಕೇಳಿಸೀತು.

ಇದರಲ್ಲಿ ಸೋಜಿಗವೇನೂ ಇಲ್ಲ. 2013ರಲ್ಲಿ ಹೋಂಡಾ ಕಂಪೆನಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದ್ವಿಚಕ್ರ ವಾಹನಗಳ ಕಾರ್ಖಾನೆಯನ್ನು ತೆರೆಯಿತು. ಬೆಂಗಳೂರಿನಲ್ಲಿ ‘ಜಪಾನ್ ಹಬ್ಬ’ವೆಂಬ ಉತ್ಸವ ನಡೆದು ಬಂದಿದೆ. ಇವೆರಡಕ್ಕಿಂತ ಮಿಗಿಲಾಗಿ, ಜಪಾನಿನ ಚಲಿಸುವ ಚಿತ್ರಕಥೆಗಳು ಕೈಯೊಳಗಿನ ದೂರವಾಣಿಗೆ ಇಳಿದಿವೆ. ಅವುಗಳ ಮೊದಲಿಗೂ ಕೊನೆಗೂ ವಾದ್ಯತಂಡಗಳ ಹಾಡುಗಳಿರುತ್ತವೆ. ಕೇಳಿದವನಿಗೆ ಹಾಡುವ ಆಸೆ ಹುಟ್ಟುತ್ತದೆ. ಹಾಡುವ ಆಸೆ ಹುಟ್ಟಿದವನಿಗೆ ‘ಕರಾವೋಕೆ’ ಸಿದ್ಧವಾಗಿದೆ.

ಈ ಪದದ ಉಚ್ಚಾರವನ್ನು ಮೊದಲು ಸರಿಪಡಿಸಿಕೊಳ್ಳುವುದು ಲೇಸು. ಜಪಾನಿನವರು ಅದನ್ನು ಕ-ರ-ಒ-ಕೆ ಎಂದು ನಾಲ್ಕು ಲಘುಗಳಾಗಿ ನುಡಿಯುತ್ತಾರೆ. ‘ಕರ’ ಎಂದರೆ ಬರಿದು. ‘ಒಕೆ’ ಎಂಬುದು ಆರ್ಕೆಸ್ಟ್ರಾ ಪದದ ಮೊಟಕು ರೂಪ. ಹಾಡುಗಾರನಿಲ್ಲದ ಬರಿಯ ವಾದ್ಯಮೇಳವೆಂದು ತಾತ್ಪರ್ಯ. ಕೋಬೆ ನಗರದ ವಾದ್ಯಗಾರ ಇನೋಯುಎ ದೈಸುಕೆ ಇದರ ಜನಕರಲ್ಲೊಬ್ಬ. ಆತನ ಪಕ್ಕವಾದ್ಯಕ್ಕೆ ಹಾಡುತ್ತಿದ್ದ ವ್ಯಾಪಾರಿಯೊಬ್ಬ ಪ್ರವಾಸ ಹೊರಟಾಗ ಜತೆಗೆ ಬರಲು ಕರೆದನು. ಇನೋಯುಎಗೆ ಹೋಗಲಾಗಲಿಲ್ಲ, ವ್ಯಾಪಾರಿಯ ಕೊರಳಿಗೆ ಒಪ್ಪುವಂತೆ ವಾದ್ಯವನ್ನಷ್ಟೇ ಟೇಪಿನಲ್ಲಿ ತುಂಬಿ ಕಳುಹಿಸಿದನು. 1971ರಲ್ಲಿ ಅದೇ ಯುಕ್ತಿಯನ್ನು ಯಂತ್ರವಾಗಿಸಿ, ನಾಣ್ಯ ಹಾಕಿದರೆ ನುಡಿಯುವಂತೆ ಮಾಡಿದನು. ಪೇಟೆಂಟು ಮಾತ್ರ ಪಡೆಯಲಿಲ್ಲ. ಜಗತ್ತೆಲ್ಲ ಹಾಡಿತು, ಲಾಭ ಬೇರೆಯವರದಾಯಿತು.

ಹುಟ್ಟಿನ ಈ ಕಥೆಯಲ್ಲೇ ಹಾಡುವವರಿಗೆ ಬೇಕಾದ ಮೊದಲ ಪಾಠವಿದೆ. ವಾದ್ಯವು ಕೊರಳಿಗೆ ಹೊಂದಬೇಕಲ್ಲದೆ ಕೊರಳು ವಾದ್ಯಕ್ಕೆ ಹೊಂದಿ ಹರಿದುಹೋಗಬೇಕಾಗಿಲ್ಲ. ಜಪಾನಿನ ತಂಡಗಳ ಗಾಯಕರಲ್ಲಿ ಬಹುಮಂದಿ ತಾರಸ್ಥಾಯಿಯ ಗಂಡಸರು. ಪಲ್ಲವಿಯಲ್ಲಿ ಹಾಯಾಗಿದ್ದವನು ಮುಂದಿನ ಏರಿಕೆಯಲ್ಲಿ ಕಿರುಚಬೇಕಾಗಿ ಬರುತ್ತದೆ. ಯಂತ್ರದಲ್ಲಿ ಶ್ರುತಿ ಇಳಿಸುವ ಗುಂಡಿಯಿರುವುದು ಅದಕ್ಕಾಗಿಯೇ. ಅದನ್ನು ಒತ್ತಲು ನಾಚುವವರನ್ನು ಕಂಡರೆ ಕನಿಕರವೆನಿಸುತ್ತದೆ.

ಭಾಷೆಯ ವಿಷಯದಲ್ಲಿ ಮಾತ್ರ ಕನ್ನಡಿಗನ ಅದೃಷ್ಟ ದೊಡ್ಡದು. ಎ-ಏ, ಒ-ಓ ಎಂಬ ಹ್ರಸ್ವದೀರ್ಘಗಳ ಭೇದ ದೇವನಾಗರಿಯಲ್ಲಿ ಬರೆಯುವ ಹಿಂದಿಯವರಿಗೆ ತೊಡಕು. ನಮಗೂ ಜಪಾನೀಯರಿಗೂ ಅದು ತಾಯಿ ಕಲಿಸಿದ ಮಾತು. ಒತ್ತಕ್ಷರದ ಒತ್ತಿಗೂ ಅಲ್ಲಿ ಅರ್ಥಭೇದವಿದೆ. ಬೌದ್ಧ ಭಿಕ್ಷುಗಳು ಒಯ್ದ ಸಿದ್ಧಂ ಲಿಪಿಯ ಅಭ್ಯಾಸದಿಂದ ಅವರ ಅಕ್ಷರಮಾಲೆ ನಮ್ಮ ವರ್ಣಮಾಲೆಯ ಜಾಡನ್ನೇ ಹಿಡಿದಿದೆ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ನಾವು ‘ಬಸ್’ ಅನ್ನು ‘ಬಸ್ಸು’ ಎಂದರೆ ಅವರು ‘ಬಸು’ ಎನ್ನುತ್ತಾರೆ. ಇನ್ನು ಅವರ ಪದ್ಯದ ಎಣಿಕೆಯಂತೂ ನಮ್ಮ ಮಾತ್ರೆಯ ಲೆಕ್ಕವೇ. ‘ನಿಪ್ಪೊನ್’ ಎಂಬುದಕ್ಕೆ ಅಲ್ಲಿ ನಾಲ್ಕು ಎಣಿಕೆ. ಛಂದಸ್ಸು ಓದಿದ ನಮ್ಮ ಹುಡುಗನೂ ಎರಡು ಗುರುಗಳೆಂದು ಗುರುತಿಸಿ ನಾಲ್ಕನ್ನೇ ಹೇಳುತ್ತಾನೆ. ವ್ಯತ್ಯಾಸ ಒಂದೇ: ಕೊನೆಯ ‘ನ್’ಗೂ ಅವರು ಪ್ರತ್ಯೇಕವಾದ ಸ್ವರವನ್ನು ಕೊಟ್ಟು ಹಾಡಬಲ್ಲರು. ಅದನ್ನು ನುಂಗಿದರೆ ತಾಳ ತಪ್ಪಿತೆಂದೇ ಅರ್ಥ. (ತಮಿಳಿಗೂ ಜಪಾನಿಗೂ ನಂಟುಂಟೆಂದು ಓನೋ ಸುಸುಮು ಎಂಬ ಪಂಡಿತರು ವಾದಿಸಿದ್ದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ರಾಬರ್ಟಸನ್‌ಪೇಟೆಯ ತಮಿಳು ಮನೆಗಳಲ್ಲಿ ಹೇಳಿದರೆ ಸಂತೋಷವಂತೂ ಆದೀತು.)

ಅಲ್ಲದೆ, ಅನ್ಯಭಾಷೆಯ ಹಾಡು ಗಣಿಯೂರಿಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಕಾಲಿಟ್ಟ ಮೇಲೆ ಆರ್ಕಾಟಿನ ಸೀಮೆಯಿಂದ ತಮಿಳರು, ಚಿತ್ತೂರಿನಿಂದ ತೆಲುಗರು, ಕಾರ್ನ್‌ವಾಲ್‌ನಿಂದ ಬಿಳಿಯ ಗಣಿಗರು, ಇಟಲಿಯವರು, ಆಂಗ್ಲೋ-ಇಂಡಿಯನ್ನರು ಒಂದೇ ಬಾವಿಯ ಸುತ್ತ ನೆಲೆಸಿದರು. ಪಕ್ಕದ ಮನೆಯವನ ಹಾಡನ್ನು ಕಲಿಯಲು ಪಕ್ಕದ ಮನೆಯವನ ವ್ಯಾಕರಣ ಬೇಕಾಗಲಿಲ್ಲ.

ಆದರೆ ಪಕ್ಕದ ಮನೆಯವನ ಹಾಡಾದರೆ ಅದು ಮದುವೆಯದೋ ಮಸಣದ್ದೋ ಎಂಬುದು ಕೇಳದೆಯೇ ತಿಳಿಯುತ್ತದೆ. ಏಳು ಸಮುದ್ರದಾಚೆಯ ಹಾಡಿಗೆ ಆ ಸೌಕರ್ಯವಿಲ್ಲ. ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ ‘ತಲೆಯೆತ್ತಿ ನಡೆಯೋಣ’ವೆಂಬರ್ಥದ ಹಾಡನ್ನೇ ನೋಡಿ. ಶಿಳ್ಳೆ ಹೊಡೆಯುತ್ತ ಸಾಗುವ ಹಗುರವಾದ ಧಾಟಿ. ತಲೆಯೆತ್ತುವುದು ಮಾತ್ರ ಕಣ್ಣೀರು ಕೆಳಗುದುರದಿರಲೆಂದು. 1960ರಲ್ಲಿ ಅಮೆರಿಕದೊಡನೆ ಆದ ರಕ್ಷಣಾ ಒಪ್ಪಂದದ ವಿರುದ್ಧ ನಡೆದ ಚಳವಳಿ ಸೋತ ನೋವಿನಲ್ಲಿ ಏಯಿ ರೊಕುಸುಕೆ ಅದನ್ನು ಬರೆದನು. ಪರದೇಶದ ವ್ಯಾಪಾರಿಗಳು ಅದಕ್ಕೆ ‘ಸುಕಿಯಾಕಿ’ ಎಂದು ಒಂದು ಮಾಂಸದ ಅಡುಗೆಯ ಹೆಸರಿಟ್ಟರು! 1963ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕೇಳಿದವರಲ್ಲಿ ಎಷ್ಟು ಮಂದಿಗೆ ಆ ಕಣ್ಣೀರಿನ ಅರಿವಿದ್ದೀತು?

ತಂಡಗಳ ಹಾಡುಗಳಲ್ಲಿ ಕೋಲಾರದವರು ಆರಿಸಿಕೊಳ್ಳಬಹುದಾದ ಒಂದುಂಟು. ‘ದಿ ಬೂಮ್’ ಎಂಬ ತಂಡದ ‘ಶಿಮ ಉತ’, ಎಂದರೆ ದ್ವೀಪದ ಹಾಡು, 1992ರದು. ಒಕಿನಾವ ದ್ವೀಪಗಳ ಹಳೆಯ ಸ್ವರಕ್ರಮದಲ್ಲಿ ಅದು ಹರಿಯುತ್ತದೆ: ಸ ಗ ಮ ಪ ನಿ ಸ. ಗಮಕವನ್ನು ಬದಿಗಿಟ್ಟು ಸ್ವರಗಳನ್ನಷ್ಟೇ ನೋಡಿದರೆ ಇದು ನಮ್ಮ ಗಂಭೀರನಾಟ. ದೇವರ ಉತ್ಸವ ಹೊರಡುವಾಗ ನಾಗಸ್ವರದವರು ಮಲ್ಲಾರಿ ನುಡಿಸುವ ರಾಗ. ತೇರಿನ ಬೀದಿಯಲ್ಲಿ ಬೆಳೆದ ಕಿವಿಗೆ ಅದು ಪರದೇಶಿಯಾಗಿ ಕೇಳಿಸದು. ಅರ್ಜೆಂಟೀನಾದ ಹಾಸ್ಯನಟ ಅಲ್ಫ್ರೆದೊ ಕಸೇರೊ ಇದನ್ನು ಜಪಾನೀ ಭಾಷೆಯಲ್ಲಿಯೇ ಹಾಡಿ ತನ್ನ ನಾಡನ್ನೆಲ್ಲ ಗುನುಗಿಸಿದನೆಂದ ಮೇಲೆ ನಮ್ಮವರು ಅಳುಕುವುದೇಕೆ?

ಕೇಳಿದೊಡನೆ ಪ್ರಣಯಗೀತೆಯೆಂದು ತೋರುವ ಈ ಹಾಡನ್ನು ಬೀಳ್ಕೊಡುಗೆಯ ಕೂಟದಲ್ಲಿ ಚಪ್ಪಾಳೆ ತಟ್ಟಿಸುತ್ತ ಹಾಡಬಯಸುವವರು ಸ್ವಲ್ಪ ತಡೆಯಬೇಕು. ಇದನ್ನು ಕಟ್ಟಿದ ಮಿಯಜವ ಕಜುಫುಮಿ, 1945ರ ಒಕಿನಾವ ಯುದ್ಧದಲ್ಲಿ ದಾದಿಯರಾಗಿ ದುಡಿದು ಮಡಿದ ಶಾಲಾ ಬಾಲೆಯರ ಸ್ಮಾರಕಕ್ಕೆ ಹೋಗಿ, ಬದುಕುಳಿದವರ ಕಥೆಯನ್ನು ಕೇಳಿ ಇದನ್ನು ಬರೆದನು. ಆ ಯುದ್ಧದಲ್ಲಿ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ನೆಲದಡಿಯ ಗವಿಗಳಲ್ಲಿ ಅಡಗಿದ್ದವರಲ್ಲಿ ಎಷ್ಟೋ ಮಂದಿ ಮೇಲೆ ಬರಲೇ ಇಲ್ಲ. ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಸಿಡಿದ ದಿನಗಳನ್ನು ಕಂಡ ಊರಿಗೆ, ನೆಲದೊಳಗೆ ಉಳಿದುಹೋದವರೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಯಕನ ಕೊರಳಿಗೂ ಇದರಲ್ಲೊಂದು ಪರೀಕ್ಷೆಯಿದೆ. ಕಬ್ಬಿನ ಹೊಲದ ಅಗಲಿಕೆ ಬರುವ ನಡುಭಾಗದಲ್ಲಿ ಮಿಯಜವ ಒಕಿನಾವದ ಸ್ವರಕ್ರಮವನ್ನು ಬೇಕೆಂದೇ ಬಿಟ್ಟುಬಿಟ್ಟಿದ್ದಾನೆ. ಆ ಜನರನ್ನು ಬಲಿಗೊಟ್ಟದ್ದು ತನ್ನ ಮುಖ್ಯ ಜಪಾನೇ ಆದ್ದರಿಂದ, ಆ ಸಾಲುಗಳಿಗೆ ಅವರ ಸ್ವರಗಳನ್ನು ಬಳಸಲು ಅವನಿಗೆ ಮನಸ್ಸಾಗಲಿಲ್ಲ. ಗಂಭೀರನಾಟದಲ್ಲಿಯೇ ತೇಲಿಕೊಂಡು ಬಂದವನು ಇಲ್ಲಿ ತಟ್ಟನೆ ತಡವರಿಸುತ್ತಾನೆ. ಮನೆಯಲ್ಲಿ ನಾಲ್ಕು ದಿನ ಈ ಭಾಗವನ್ನೇ ಸಾಧನೆ ಮಾಡಿ, ಶ್ರುತಿಯನ್ನು ಎರಡು ಮೆಟ್ಟಿಲು ಇಳಿಸಿಕೊಂಡು, ಬಂಗಾರಪೇಟೆಯ ಪಾನಿಪೂರಿಯನ್ನು ಹಾಡು ಮುಗಿದ ಮೇಲಿಗೆ ಇಟ್ಟುಕೊಳ್ಳುವುದು ಒಳ್ಳೆಯದು.