ಅಂಗಡಿಯನ್ನೇ ವಕ್ಫ್ ಮಾಡಿದ ಹಕೀಂ ಸಾಹೇಬರು

ರಮಝಾನ್ ಬಂತೆಂದರೆ ನಮ್ಮ ಮನೆಗಳಿಗೆ ಆ ಕೆಂಪು ಶರಬತ್ತಿನ ಬಾಟಲಿ ಬಂದೇ ಬರುತ್ತದೆ. ಕೆಲವರು ಹಾಲಿಗೆ ಹಾಕುತ್ತಾರೆ, ಕೆಲವರು ನೀರಿಗೆ ಹಾಕಿ ಕಾಮಕಸ್ತೂರಿ ಬೀಜ ಸೇರಿಸುತ್ತಾರೆ. ರೂಹ್ ಅಫ್ಝಾ ಯಾರಿಗೆ ಗೊತ್ತಿಲ್ಲ? ಆದರೆ ಅದನ್ನು ಮಾಡುವ ಕಂಪನಿಯ ಹೆಸರು ಬಹಳ ಕಾಲ 'ಹಮ್ದರ್ದ್ (ವಕ್ಫ್) ಲ್ಯಾಬೊರೇಟರೀಸ್' ಎಂದೇ ಇತ್ತು ಎನ್ನುವುದನ್ನು ಗಮನಿಸಿದವರು ಕಡಿಮೆ. ಮಸೀದಿಗೆ, ದಫನ ಭೂಮಿಗೆ, ತೋಟಕ್ಕೆ ವಕ್ಫ್ ಎನ್ನುವುದನ್ನು ನಾವು ಕೇಳಿದ್ದೇವೆ. ಶರಬತ್ತು ಮಾಡುವ ಕಾರ್ಖಾನೆಗೂ ವಕ್ಫಾ? ಹೌದು. ಅದನ್ನು ಮಾಡಿದವರು ಮರ್ಹೂಂ ಹಕೀಂ ಅಬ್ದುಲ್ ಹಮೀದ್ ಸಾಹೇಬರು.

1906ರಲ್ಲಿ ಅವರ ತಂದೆ ಹಕೀಂ ಹಾಫಿಝ್ ಅಬ್ದುಲ್ ಮಜೀದ್ ಹಳೇ ದೆಹಲಿಯಲ್ಲಿ ಒಂದು ಸಣ್ಣ ಯುನಾನಿ ಮದ್ದಿನಂಗಡಿ ತೆರೆದರು. 'ಹಮ್ದರ್ದ್' ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗಾರ ಎಂದರ್ಥ. ಮರುವರ್ಷವೇ ಈ ಶರಬತ್ತು ಬಂತು. 1922ರಲ್ಲಿ ತಂದೆ ತೀರಿಕೊಂಡರು. 1908ರಲ್ಲಿ ಹುಟ್ಟಿದ್ದ ಹಮೀದ್ ಆಗ ಇನ್ನೂ ಹುಡುಗ, ತಮ್ಮ ಮುಹಮ್ಮದ್ ಸಈದ್ ಎರಡು ವರ್ಷದ ಕೂಸು.

ಇಲ್ಲಿ ತಾಯಿಯ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ರಾಬಿಯಾ ಬೇಗಂ ಅಂಗಡಿಯ ಬಾಗಿಲು ಹಾಕಲಿಲ್ಲ. ಪರ್ದಾದ ಒಳಗಿದ್ದ ಹೆಣ್ಣು, ನೂರು ವರ್ಷದ ಹಿಂದಿನ ದೆಹಲಿ. ಯತೀಂ ಮಕ್ಕಳನ್ನು ಸಾಕಿದರು, ವ್ಯಾಪಾರವನ್ನೂ ಉಳಿಸಿದರು, ದೊಡ್ಡ ಮಗನನ್ನು ಪಳಗಿಸಿ ಅವರ ಕೈಗೆ ಒಪ್ಪಿಸಿದರು. ಯಜಮಾನ ಹೋದ ಮೇಲೆ 'ಹೆಂಗಸಿಗೆ ಯಾಕೆ ಲೆಕ್ಕಾಚಾರ' ಎಂದು ಪುಸ್ತಕ ಕಿತ್ತುಕೊಳ್ಳುವ ಸಂಬಂಧಿಕರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ಈ ಕಥೆ ಗೊತ್ತಿರಬೇಕಿತ್ತು.

ಹಮೀದರ ಕಾಲದಲ್ಲಿ ಅಂಗಡಿ ಕಾರ್ಖಾನೆಯಾಯಿತು. ಸಾಫಿ, ಸಿಂಕಾರ ಎಲ್ಲ ಊರೂರಿಗೆ ಹೋದವು. ಅಷ್ಟರಲ್ಲಿ ದೇಶ ಒಡೆಯಿತು. ದೆಹಲಿಯ ಎಷ್ಟೋ ಮುಸ್ಲಿಂ ಮನೆಗಳು ಖಾಲಿಯಾದವು. ತಮ್ಮ ಸಈದ್ ಕರಾಚಿಗೆ ಹೋದರು, ಅಲ್ಲಿ ಇನ್ನೊಂದು ಹಮ್ದರ್ದ್ ಕಟ್ಟಿದರು. ಅಣ್ಣ ಇಲ್ಲೇ ನಿಂತರು. ನಾಳೆ ಏನಾಗುತ್ತದೋ ಎಂದು ಜನ ಚಿನ್ನವನ್ನು ಸೆರಗಿಗೆ ಗಂಟು ಕಟ್ಟಿಕೊಂಡು ಓಡುತ್ತಿದ್ದ ಕಾಲ ಅದು. ಅಂಥ 1948ರಲ್ಲೇ ಅವರು ಹಮ್ದರ್ದನ್ನು ವಕ್ಫ್ ಮಾಡಿದರು. ಆಗ ಅವರ ವಯಸ್ಸು ಸುಮಾರು ನಲವತ್ತು. ಹಜ್ಜಿಗೆ ಹೋಗಿ ಬಂದು, ಗಡ್ಡ ಪೂರ್ತಿ ಬೆಳ್ಳಗಾದ ಮೇಲೆ 'ಇನ್ನು ಏನಾದರೂ ಕೊಡುವ' ಎನ್ನುವ ವಯಸ್ಸಲ್ಲ.

ವಕ್ಫ್‌ಗೂ ಸಾಮಾನ್ಯ ಸದಕಾಕ್ಕೂ ಇರುವ ವ್ಯತ್ಯಾಸವನ್ನು ಮದ್ರಸದ ಮಕ್ಕಳಿಗೆ ನಾವು ಉಮರ್ (ರ.ಅ.) ಅವರ ಖೈಬರಿನ ಜಮೀನಿನ ಮೂಲಕ ಹೇಳಿಕೊಡುತ್ತೇವೆ. ಒಳ್ಳೆಯ ಜಮೀನು ಸಿಕ್ಕಿದೆ, ಏನು ಮಾಡಲಿ ಎಂದು ಅವರು ಕೇಳಿದಾಗ, ಮೂಲವನ್ನು ಹಾಗೇ ಇಟ್ಟು ಅದರ ಫಲವನ್ನು ದಾನ ಮಾಡುವ ದಾರಿಯನ್ನು ಪ್ರವಾದಿ (ಸ.ಅ.) ತೋರಿಸಿದರು. ಆ ಜಮೀನನ್ನು ಮಾರುವಂತಿಲ್ಲ, ಯಾರಿಗೂ ಉಡುಗೊರೆ ಕೊಡುವಂತಿಲ್ಲ, ಮಕ್ಕಳು ಪಾಲು ಮಾಡಿಕೊಳ್ಳುವಂತಿಲ್ಲ. ಹಕೀಂ ಸಾಹೇಬರು ಮಾಡಿದ್ದು ಇದನ್ನೇ, ಜಮೀನಿನ ಬದಲು ಅವರ ಹತ್ತಿರ ಇದ್ದದ್ದು ಕಾರ್ಖಾನೆ. ನಮ್ಮ ಹಾಜಿಯವರು ಕೊಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ, ಧಾರಾಳ ಕೊಡುತ್ತಾರೆ, ಅಲ್ಲಾಹನು ಬರ್ಕತ್ ಕೊಡಲಿ. ಆದರೆ ಅದು ಆ ವರ್ಷದ ಲಾಭದಿಂದ ಬರುವ ಹಣ. ವ್ಯಾಪಾರ ಬಿದ್ದರೆ, ಅಥವಾ ಹಾಜಿಯವರೇ ಹೋದರೆ, ಮದ್ರಸ ಕಮಿಟಿ ಮತ್ತೆ ರಶೀದಿ ಪುಸ್ತಕ ಹಿಡಿದು ಬೇರೆ ಬಾಗಿಲು ತಟ್ಟಬೇಕು.

ಆ ಶರಬತ್ತಿನ ಕಾಸಿನಿಂದ ಏನೇನಾಯಿತು ನೋಡಿ. ಲಾಭವನ್ನು ಹಂಚಲಿಕ್ಕೆ 1964ರಲ್ಲಿ ಹಮ್ದರ್ದ್ ನ್ಯಾಷನಲ್ ಫೌಂಡೇಶನ್ ಶುರುವಾಯಿತು. ನಿಝಾಮುದ್ದೀನಿನಲ್ಲಿ ಗಾಲಿಬ್ ಅಕಾಡೆಮಿ ಎದ್ದಿತು, 1969ರಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನ್ ಉದ್ಘಾಟಿಸಿದರು. ಐಎಎಸ್ ಪರೀಕ್ಷೆ ಬರೆಯುವ ಮಕ್ಕಳಿಗೆ ಹಮ್ದರ್ದ್ ಸ್ಟಡಿ ಸರ್ಕಲ್ ಬಂತು. ದೊಡ್ಡದು ತುಘಲಕಾಬಾದಿನದು. ವೈದ್ಯಶಾಸ್ತ್ರದ ಇತಿಹಾಸ ಸಂಶೋಧನೆಗೆ ಕಟ್ಟಿದ ಸಂಸ್ಥೆ, ಯುನಾನಿ, ಫಾರ್ಮಸಿ, ನರ್ಸಿಂಗ್ ಕಾಲೇಜುಗಳು, ಆಸ್ಪತ್ರೆ ಎಲ್ಲ ಸೇರಿ ಅಲ್ಲಿ 1989ರಲ್ಲಿ ಜಾಮಿಆ ಹಮ್ದರ್ದ್ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಸರಕಾರ ಅವರಿಗೆ 1965ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಕೊಟ್ಟಿತು. ಅಷ್ಟೆಲ್ಲ ಆದರೂ ಹಕೀಮರಾಗಿ ನಾಡಿ ಹಿಡಿದು ರೋಗಿ ನೋಡುವುದನ್ನು ಅವರು ಬಿಟ್ಟಿರಲಿಲ್ಲ.

ವಕ್ಫ್ ಮಾಡಿದ ಕೂಡಲೇ ಎಲ್ಲ ಸುಸೂತ್ರ ಎಂದೇನೂ ಇಲ್ಲ. 2019ರ ರಮಝಾನಿನಲ್ಲಿ ರೂಹ್ ಅಫ್ಝಾ ಅಂಗಡಿಗಳಲ್ಲಿ ಸಿಗದಾಗ ಕುಟುಂಬದೊಳಗಿನ ಜಗಳವೇ ಕಾರಣ ಎಂದು ಪತ್ರಿಕೆಗಳು ಬರೆದವು, ಗಿಡಮೂಲಿಕೆ ಕೊರತೆ ಎಂದು ಕಂಪನಿ ಹೇಳಿತು. ಯಾವುದು ನಿಜವಾದರೂ ಮುತವಲ್ಲಿ ಸ್ಥಾನಕ್ಕೆ ಎಳೆದಾಟ ನಮ್ಮ ಊರಿನ ವಕ್ಫ್‌ಗಳಲ್ಲೂ ಹೊಸತಲ್ಲ. ಬಂದರಿನ ಆಸುಪಾಸಿನ ಅಂಗಡಿ ಕೋಣೆಗಳ ಬಾಡಿಗೆ ವಿಷಯ ಮಾತಾಡಿದರೆ ಈ ಪುಟ ಸಾಲದು. ಆದರೂ ಮೂಲ ವಕ್ಫ್ ಆಗಿದ್ದರೆ ಜಗಳ ಆಡಳಿತದ ಮೇಲೆ ನಿಲ್ಲುತ್ತದೆ. ಮೂಲವನ್ನೇ ಮಾರಿ ಹಂಚಿಕೊಳ್ಳುವ ಹಕ್ಕು ಯಾರಿಗೂ ಇರುವುದಿಲ್ಲ.

ಒಂದು ಸ್ಕೂಲಿಗೆ ಎರಡು ಫ್ಯಾನ್ ಕೊಟ್ಟರೂ ಅದರ ಎಲೆಯ ಮೇಲೆ ಹೆಸರು ಬರೆಸುವ ಕಾಲ ಇದು. ಹಕೀಂ ಸಾಹೇಬರು ಬದುಕಿದ್ದಾಗ ವಿಶ್ವವಿದ್ಯಾಲಯಕ್ಕೆ ಬಂದದ್ದು ಅಂಗಡಿಯ ಹೆಸರು, ಆಸ್ಪತ್ರೆಗೆ ತಂದೆಯ ಹೆಸರು, ಮಜೀದಿಯಾ. ಹಳೇ ದೆಹಲಿಯಲ್ಲಿ, ಕವಿ ಗಾಲಿಬ್ ವಾಸವಿದ್ದ ಗಲೀ ಕಾಸಿಂ ಜಾನಿನಲ್ಲಿ, ಹೆಣ್ಮಕ್ಕಳ ಶಾಲೆಯೊಂದಿದೆ. ಅದಕ್ಕೆ ತಾಯಿಯ ಹೆಸರು, ರಾಬಿಯಾ ಗರ್ಲ್ಸ್ ಪಬ್ಲಿಕ್ ಸ್ಕೂಲ್.

1998ರ ಅಕ್ಟೋಬರಿನಲ್ಲಿ ಕರಾಚಿಯಲ್ಲಿ ತಮ್ಮನನ್ನು ಗುಂಡಿಟ್ಟು ಕೊಂದರು. ಅವರೂ ಅಲ್ಲಿನ ಹಮ್ದರ್ದನ್ನು ವಕ್ಫ್ ಮಾಡಿದ್ದರು. ಒಂಬತ್ತು ತಿಂಗಳ ನಂತರ, 1999ರ ಜುಲೈ 22ರಂದು, ಅಣ್ಣನೂ ದೆಹಲಿಯಲ್ಲಿ ತೀರಿಕೊಂಡರು. ಅಲ್ಲಾಹನು ಇಬ್ಬರ ಖಬರನ್ನೂ ಬೆಳಗಿಸಲಿ, ಆಮೀನ್.